ನಾನು ವೀಳ್ಯ ಕೊಟ್ಟ ಮೇಷ್ಟ್ರು

ಹೊಸದಾಗಿ ಓದಲು ಬರುವ ಹುಡುಗ ಹುಡುಗಿಯರನ್ನು ಕರೆತರಲು ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಹೋಗುವಾಗ ಜಾಮಿನ ಹಳೆಯ ಬಾಟಲಿಯಲ್ಲಿ ಮೊಸರು ಇಟ್ಟುಕೊಂಡು ಹೋಗುತ್ತಿದ್ದವರು, ನನಗೆ ತಿಳಿದಂತೆ, ಅವರೊಬ್ಬರೇ. ಊಟಕ್ಕಲ್ಲ, ಹೆಪ್ಪಿಗೆ. "ಅಕ್ಕಿ, ಬೇಳೆ, ಕರಿಬೇವು ಎಲ್ಲಾ ಅಂಗಡೀಲಿ ಸಿಗ್ತೈತೆ ಸಾರ್. ಮನೆ ಹೆಪ್ಪು ಮಾತ್ರ ಯಾರಾದ್ರೂ ಕೈಯಾರೆ ಕೊಡ್ಬೇಕು" ಎನ್ನುತ್ತಿದ್ದರು. ಇಪ್ಪತ್ತಮೂರು ಕಿಲೋದ ಎರಡು ಸೂಟ್‌ಕೇಸು ಎಳೆದುಕೊಂಡು, ಕಣ್ಣು ಕೆಂಪಾಗಿಸಿಕೊಂಡು ಹೊರಗೆ ಬಂದ ಮಕ್ಕಳ ಕೈಗೆ ಮೊದಲು ಅದನ್ನೇ ಕೊಡುತ್ತಿದ್ದರು. ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ. ವಾರ ಕಳೆದ ಮೇಲೆ ಆಗುತ್ತಿತ್ತು.

ಕಳೆದ ಫೆಬ್ರವರಿಯಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಐವತ್ತೂ ತುಂಬಿರಲಿಲ್ಲ. ನಮ್ಮ ಕನ್ನಡ ಸಂಘದ ಈಗಿನ ಕಾರ್ಯದರ್ಶಿ ಫೋನು ಮಾಡಿ, "ಸಂಚಿಕೆಗೆ ಒಂದು ಪುಟ ಬರ್ಕೊಡಿ ಸಾರ್. ನೀವು ಅವರಿಗೆ ತುಂಬಾ ಹತ್ರ ಇದ್ರಲ್ಲ" ಎಂದಳು. ಹೌದು ಎಂದೆ. ಒಂದು ಪುಟ ಬರೆದೂ ಕೊಟ್ಟೆ. ಸೇವಾಮನೋಭಾವ, ಸರಳತೆ, ತುಂಬಲಾರದ ನಷ್ಟ, ಎಲ್ಲವೂ ಅದರಲ್ಲಿತ್ತು. ಇದು ಆ ಪುಟವಲ್ಲ. ಅದರಲ್ಲಿ ಬರೆಯದೆ ಬಿಟ್ಟದ್ದು ಇದು. ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಒಂದು ಸಲ ಆ ಹೆಸರನ್ನು ನಾನು ಬೀದಿಗೆ ತಂದದ್ದು ಸಾಕು.

ವಿದ್ಯಾರ್ಥಿಗಳು ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರೇನೂ ಪಾಠ ಹೇಳುವವರಲ್ಲ. ಡಬ್ಲಿನ್ ಪಕ್ಕದ ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಕಾರ್ಖಾನೆಗೆ ಹತ್ತಿರದಲ್ಲೇ ಮೂರು ಕೋಣೆಯ ಮನೆ, ಮದುವೆಯಾಗಿರಲಿಲ್ಲ. ಕುಣಿಗಲ್ ಕಡೆಯವರು. ಇರಲು ಮನೆ ಸಿಗದ ಮಕ್ಕಳು ಮೊದಲ ಎರಡು ಮೂರು ವಾರ ಅವರ ಮನೆಯಲ್ಲೇ ಇರುತ್ತಿದ್ದರು. ಆದರೆ ಮೇಷ್ಟ್ರು ಎಂಬ ಹೆಸರು ಬಂದದ್ದು ಕೆಂಪು ಪೆನ್ನಿನಿಂದ. ಬೇಸಿಗೆಯಲ್ಲಿ ಎಂ.ಎಸ್ಸಿ. ಮಕ್ಕಳು ಪ್ರಬಂಧ ಬರೆಯುವ ಹೊತ್ತಿಗೆ ಅವರ ಅಡುಗೆಮನೆಯ ಮೇಜಿನ ಮೇಲೆ ಕಾಗದದ ಕಟ್ಟುಗಳು ಬೀಳುತ್ತಿದ್ದವು. ಪಾಳಿ ಮುಗಿಸಿ ಬಂದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಸಾಲುಸಾಲಾಗಿ ಓದುತ್ತಿದ್ದರು. ಇಂಗ್ಲಿಷ್ ತಿದ್ದುತ್ತಿರಲಿಲ್ಲ. ಅವರು ಹುಡುಕುತ್ತಿದ್ದದ್ದು ಒಂದನ್ನೇ. "ಈ ಪ್ಯಾರಾ ನಿಂದಲ್ಲ ಕಣಮ್ಮ. ಯಾರ್ದಿದು? ಯಾರ್ದೋ ಅವ್ರ ಹೆಸ್ರು ಹಾಕು, ಇಲ್ಲಾಂದ್ರೆ ತೆಗೆದು ನೀನೇ ಬರಿ." ಎರಡು ಅಧ್ಯಾಯ ಪೂರ್ತಿ ಮತ್ತೆ ಬರೆಯಬೇಕಾಗಿ ಬಂದ ಹುಡುಗಿಯೊಬ್ಬಳು ಅವರ ಮೇಜಿನ ಮುಂದೆಯೇ ಅತ್ತದ್ದನ್ನು ನಾನು ಕಂಡಿದ್ದೇನೆ. ಅವಳಿಗೆ ಮೊಸರನ್ನ ಕಲಸಿಕೊಟ್ಟರು, ಅಧ್ಯಾಯದಲ್ಲಿ ಒಂದು ಸಾಲೂ ರಿಯಾಯಿತಿ ಕೊಡಲಿಲ್ಲ.

ಯಾರು ಹೇಗಿದ್ದೀರಿ ಎಂದು ಕೇಳಿದರೂ ಈ ಊರಿನವರ ಹಾಗೆ "ಗ್ರ್ಯಾಂಡ್", ಚೆನ್ನಾಗಿದ್ದೀನಿ, ಎನ್ನುತ್ತಿದ್ದರು. ಜ್ವರ ಬಂದು ಮಲಗಿದ್ದಾಗಲೂ ಗ್ರ್ಯಾಂಡೇ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಸಂಘದ ಯುಗಾದಿ, ರಾಜ್ಯೋತ್ಸವಗಳಿಗೆ ಎಲ್ಲರಿಗಿಂತ ಎರಡು ಗಂಟೆ ಮುಂಚೆ ಬಂದು, ನೆಲಕ್ಕೆ ದಾರ ಹಿಡಿದು ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ವೇದಿಕೆಗೆ ಕರೆದರೆ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದರು. ನಾವು ವೇದಿಕೆಯ ಜನ. ಹಾರ ಬಾಡುವ ಮೊದಲು ಫೋಟೋ ತೆಗೆಯಿರಿ ಎನ್ನುವವರು.

ತಿಂಗಳಿಗೊಂದು ಭಾನುವಾರ ಲೆಟರ್‌ಕೆನ್ನಿಗೆ ಹೋಗಿಬರುವುದು ಅವರ ಒಂದೇ ಚಟ. ಅಲ್ಲಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಅವರ ಹಳೆಯ ಸ್ನೇಹಿತರೊಬ್ಬರಿದ್ದರು, ದಾವಣಗೆರೆಯವರು. ಬಹಳ ವರ್ಷಗಳ ಹಿಂದೆ ಇಬ್ಬರೂ ಒಂದೇ ವಿಮಾನದಲ್ಲಿ ಇಲ್ಲಿಗೆ ಓದಲು ಬಂದು, ಒಂದೇ ಕೋಣೆಯಲ್ಲಿ ಎದುರುಬದುರು ಮಂಚ ಹಾಕಿಕೊಂಡು ಇದ್ದವರು. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. "ಅಷ್ಟು ದೂರ ಹೋಗಿ ಏನ್ ಮಾಡ್ತೀರಿ?" ಎಂದು ಒಮ್ಮೆ ಕೇಳಿದೆ. "ಏನೂ ಇಲ್ಲ ಸಾರ್. ಅವ್ನು ಬಯ್ತಾನೆ, ನಾನು ಕೇಳ್ಕೊಂಡು ಬರ್ತೀನಿ. ನನ್ನ ಬಯ್ಯೋರು ಈ ದೇಶದಲ್ಲಿ ಇನ್ಯಾರವ್ರೆ?" ಎಂದರು.

ಇನ್ನು ನನ್ನ ಕಥೆಗೆ ಬರುತ್ತೇನೆ. ಬರದೆ ವಿಧಿಯಿಲ್ಲ.

ನಾನು ಮೈಸೂರಿನವನು, ಲೆಪರ್ಡ್ಸ್‌ಟೌನ್‌ನ ಒಂದು ಆಫೀಸಿನಲ್ಲಿ ಮ್ಯಾನೇಜರು. ನಾಲ್ಕು ವರ್ಷದ ಹಿಂದೆ ಸಂಘದ ಅಧ್ಯಕ್ಷನಾಗಬೇಕು ಎಂಬ ಹುಳ ನನ್ನ ತಲೆ ಹೊಕ್ಕಿತು. ಸಾಮಾನ್ಯವಾಗಿ ನಮ್ಮಲ್ಲಿ ಅವಿರೋಧ ಆಯ್ಕೆ. ಯಾರೋ ಒಬ್ಬರನ್ನು ಹಿಡಿದು ಕೂರಿಸುವುದು, ಅಷ್ಟೆ. ಆ ವರ್ಷ ಇನ್ನೊಬ್ಬರೂ ನಿಂತರು. ನಮ್ಮ ನಿಯಮಾವಳಿಯನ್ನು ಬರೆದ ಹಿರಿಯರು ಅಮೆರಿಕದಲ್ಲಿದ್ದು ಬಂದವರು. ಅಲ್ಲಿನ ಹಾಗೆ ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರೂ ಜೋಡಿಯಾಗಿಯೇ ನಿಲ್ಲಬೇಕು, ಇಬ್ಬರಿಗೂ ಸೇರಿ ಒಂದೇ ಮತ ಎಂದು ಬರೆದಿಟ್ಟಿದ್ದರು. ಅದಕ್ಕೆ ನಮ್ಮವರು ನಮ್ಮದೇ ಒಗ್ಗರಣೆ ಹಾಕಿದ್ದರು. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವನು ತನ್ನ ಜೋಡಿಯ ಮನೆಗೆ ಖುದ್ದಾಗಿ ಹೋಗಿ, ಎಲೆ ಅಡಿಕೆ ತೆಂಗಿನಕಾಯಿ ಕೊಟ್ಟು ಕರೆಯಬೇಕು. ರಣವೀಳ್ಯ ಎಂದು ತಮಾಷೆ ಮಾಡುತ್ತಿದ್ದೆವು. ತಮಾಷೆಯಾದರೂ, ವೀಳ್ಯ ಕೊಟ್ಟ ಮೇಲೆ ಕೊಟ್ಟವನು ಹಿಂದೆ ಸರಿಯುವ ಹಾಗಿರಲಿಲ್ಲ.

ಜೋಡಿಯನ್ನು ಹುಡುಕಲು ನಮ್ಮ ಊಟದ ಮೇಜಿನ ಮೇಲೆ ಎರಡು ಶನಿವಾರ ಸಭೆ ನಡೆಯಿತು. ನನ್ನ ಸಲಹೆಗಾರರು ಗೆಳೆಯರೊಬ್ಬರು. ಅವರ ಹೆಂಡತಿ ಭರತನಾಟ್ಯ ಹೇಳಿಕೊಡುತ್ತಿದ್ದರು. ಅರ್ಧ ಡಬ್ಲಿನ್ನಿನ ಕನ್ನಡ ಮಕ್ಕಳು ಅವರ ಶಿಷ್ಯರು. ಗೆಳೆಯರು ಕಾಫಿ ಕುಡಿಯುತ್ತ ಸೂತ್ರ ಹೇಳಿದರು: "ನೋಡಿ, ನಿಮಗಿಲ್ಲದ್ದು ನಿಮ್ಮ ಜೋಡಿಗೆ ಇರ್ಬೇಕು. ಆದ್ರೆ ನಿಮಗಿಂತ ಜಾಸ್ತಿ ಇರ್ಬಾರ್ದು." ನಾನು ಮೈಸೂರಿನವನು, ಹಾಗಾಗಿ ಇನ್ನೊಬ್ಬ ಮೈಸೂರಿನವರು ಬೇಡ. ನಾನು ಸಾಫ್ಟ್‌ವೇರಿನವನು, ಇನ್ನೊಬ್ಬ ಸಾಫ್ಟ್‌ವೇರಿನವರು ಬೇಡ. ಯಾರೂ ಬಾಯಿಬಿಟ್ಟು ಕೇಳದ, ಎಲ್ಲರೂ ಮನಸ್ಸಿನಲ್ಲೇ ಎಣಿಸುವ ಸಂಗತಿ ಇನ್ನೊಂದಿದೆಯಲ್ಲ, ಅದನ್ನೂ ಎಣಿಸಿದೆವು. ಆ ವರ್ಷ ವಿದ್ಯಾರ್ಥಿಗಳು ಗುಂಪುಗುಂಪಾಗಿ ಸದಸ್ಯರಾಗಿದ್ದರು. ವಿದ್ಯಾರ್ಥಿಗಳು ಯಾರ ಮಾತು ಕೇಳುತ್ತಾರೆ? ಪ್ರಶ್ನೆ ಮುಗಿಯುವ ಮೊದಲೇ ನನ್ನ ಹೆಂಡತಿ ಒಳಗಿನಿಂದ, "ಮೇಷ್ಟ್ರು" ಎಂದಳು. ಆಮೇಲೆ, "ಆದ್ರೆ ಪಾಪ, ಅವರನ್ನ ಇದಕ್ಕೆಲ್ಲ ಎಳೀಬೇಡಿ" ಎಂದೂ ಸೇರಿಸಿದಳು. ನನಗೆ ಮೊದಲನೆಯ ಮಾತು ಮಾತ್ರ ಕೇಳಿಸಿತು.

ಹದಿನೈದು ದಿನ ಅವರು ಒಪ್ಪಲಿಲ್ಲ. "ಕುರ್ಚಿ ಹಾಕೋಕೆ ಕರೀರಿ ಸಾರ್, ಬರ್ತೀನಿ. ಕೂರೋಕೆ ಬ್ಯಾಡ." ಕೊನೆಗೆ ನಾನು ವಿದ್ಯಾರ್ಥಿಗಳ ಮಾತು ಎತ್ತಿದೆ. ಅವರಿಗೆ ಸಂಘದಲ್ಲಿ ಒಂದು ದನಿ ಬೇಕು, ಮನೆ ಸಿಗದ ಮಕ್ಕಳಿಗೆ ಏನಾದರೂ ವ್ಯವಸ್ಥೆಯಾಗಬೇಕು ಎಂದೆ. ಅವರು ತಮ್ಮ ಬೂಟು ನೋಡುತ್ತ, ಆಯ್ತು ಎಂದರು. ಒಂದು ಭಾನುವಾರ ಮಧ್ಯಾಹ್ನ ವೀಳ್ಯ ತೆಗೆದುಕೊಂಡು ಲೀಕ್ಸ್‌ಲಿಪ್‌ಗೆ ಹೋದೆ. ಎಲೆ ಅಡಿಕೆ ಇನ್ನೂ ನನ್ನ ಕೈಚೀಲದಲ್ಲೇ ಇದ್ದಾಗ, ಗೆಳೆಯರು ಹೇಳಿಕೊಟ್ಟಂತೆ ಕೇಳಿದೆ:

"ತಪ್ಪು ತಿಳ್ಕೋಬೇಡಿ. ನಿಮ್ಮ ಬಗ್ಗೆ ಆ ಕಡೆಯವರು ಎತ್ತಿ ಆಡೋ ಹಂಗೆ ಏನಾದ್ರೂ ಇದೆಯಾ? ನಂಗೆ ಮೊದಲೇ ಗೊತ್ತಿದ್ರೆ ಒಳ್ಳೇದು."

ಇಲ್ಲ ಎನ್ನುತ್ತಾರೆ ಎಂದೇ ಅಂದುಕೊಂಡಿದ್ದೆ. ಅವರು ಎದ್ದು ಒಲೆ ಆರಿಸಿ ಬಂದು ಕೂತರು.

"ಐತೆ ಸಾರ್. ಮೊದಲ ಸಲ ಓದೋಕೆ ಬಂದಿದ್ನಲ್ಲ, ಆವಾಗ ನಂಗೆ ಡಿಗ್ರಿ ಕೊಡ್ಲಿಲ್ಲ. ಪ್ರಬಂಧದಲ್ಲಿ ಒಂದು ಅಧ್ಯಾಯ ಸೀನಿಯರ್‌ದು ಎತ್ತಿ ಬರ್ದಿದ್ದೆ. ಸಿಕ್ಕಾಕ್ಕೊಂಡೆ. ಕರೆಸಿ ಕೇಳಿದ್ರು, ಹೌದು ಅಂದೆ. ವಾಪಸ್ ಹೋಗಿ ಊರಲ್ಲಿ ಆರು ವರ್ಷ ಕೆಲಸ ಮಾಡಿ, ಬಿ.ಇ. ಮೇಲೇ ಕೆಲಸದ ಪರ್ಮಿಟ್ ತಗೊಂಡು ಬಂದೆ. ಕಾರ್ಖಾನೇಲಿ ಎಲ್ಲಾ ಗೊತ್ತು, ಅಲ್ಲೇನೂ ಮುಚ್ಚಿಟ್ಟಿಲ್ಲ. ನಮ್ಮೋರಿಗೆ ಮಾತ್ರ ಹೇಳಿಲ್ಲ."

ನಾನು ಏನಾದರೂ ಹೇಳಬೇಕೆಂದು, "ಆಗ ಮನೇಲಿ ಏನಾದ್ರೂ ಕಷ್ಟ ಇತ್ತೇನೋ" ಎಂದೆ.

"ಅಪ್ಪಂಗೆ ಹುಷಾರಿರ್ಲಿಲ್ಲ. ಅದು ನಿಜ. ಆದ್ರೆ ಅದಕ್ಕಲ್ಲ ಸಾರ್ ನಾನು ಕಾಪಿ ಮಾಡಿದ್ದು. ಸೋಮಾರಿತನಕ್ಕೆ ಮಾಡ್ದೆ."

ನಲವತ್ತೈದು ದಾಟಿದ ಮನುಷ್ಯ ತನ್ನ ತಪ್ಪಿಗೆ ಇದ್ದ ಒಂದು ನೆವವನ್ನೂ ಹೀಗೆ ಕೈಯಾರೆ ತಳ್ಳಿಬಿಡುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೆಂಪು ಪೆನ್ನು ಏಕೆ ಎಂದು ಅಂದು ತಿಳಿಯಿತು. ಇದು ಇನ್ಯಾರಿಗೆ ಗೊತ್ತು ಎಂದು ಕೇಳಿದೆ. ಲೆಟರ್‌ಕೆನ್ನಿಯವನಿಗೆ ಗೊತ್ತು, ಈಗ ನಿಮಗೆ, ಅಷ್ಟೇ ಎಂದರು. "ಇದೇನೂ ದೊಡ್ಡ ವಿಷಯ ಅಲ್ಲ ಬಿಡಿ, ನನ್ನಲ್ಲೇ ಇರತ್ತೆ" ಎಂದೆ. ಹಾಗೆಯೇ, ಅಭ್ಯರ್ಥಿ ತನ್ನ ಜೋಡಿಯನ್ನು ಹೀಗೆ ಕೂರಿಸಿಕೊಂಡು ವಿಚಾರಣೆ ಮಾಡಿದ ಎಂದು ಗೊತ್ತಾದರೆ ಚೆನ್ನಾಗಿರುವುದಿಲ್ಲವೆಂದು, "ನಾನು ಕೇಳಿದೆ ಅಂತ, ನೀವು ಹೇಳಿದ್ರಿ ಅಂತ ಯಾರಿಗೂ ಹೇಳೋದು ಬೇಡ" ಎಂದೂ ಮಾತು ತೆಗೆದುಕೊಂಡೆ. ಅವರು ತಲೆಯಾಡಿಸಿದರು. ಆಮೇಲೆ, ಆಗ ಅವರ ಮನೆಯಲ್ಲಿದ್ದ ಮೂವರು ವಿದ್ಯಾರ್ಥಿಗಳನ್ನು ಮೇಲಿನಿಂದ ಕರೆಸಿ, ಅವರೆದುರಿಗೆ ವೀಳ್ಯ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು.

ಮೂರು ವಾರದ ಮೇಲೆ ಸಂಘದ ಚುನಾವಣಾ ಸಮಿತಿ ಒಂದು ನಿರ್ಧಾರ ಹೇಳಿತು. ಸದಸ್ಯರಾಗಿ ಒಂದು ವರ್ಷ ತುಂಬದವರಿಗೆ ಮತವಿಲ್ಲ. ಅಂದರೆ ವಿದ್ಯಾರ್ಥಿಗಳು ಬಹುತೇಕ ಯಾರೂ ಇಲ್ಲ. ಮೇಷ್ಟ್ರು ತರಬೇಕಾಗಿದ್ದ ಮತಗಳೆಲ್ಲ ಒಂದೇ ದಿನದಲ್ಲಿ ಕರಗಿದವು. ನಾನು ಯೋಚಿಸಿದ್ದು ಮಕ್ಕಳ ದನಿಯ ಬಗ್ಗೆ ಅಲ್ಲ, ನನ್ನ ಜೋಡಿ ಇನ್ನು ದಂಡ ಎಂದು. ಮರುದಿನ ಆಫೀಸಿನ ಹತ್ತಿರದ ಕಾಫಿ ಅಂಗಡಿಯಲ್ಲಿ ಆ ಸಲಹೆಗಾರ ಗೆಳೆಯರು ಸಿಕ್ಕರು.

"ನಮ್ಮ ಮನೆಯವರು ನಿಂತರೆ ಡ್ಯಾನ್ಸ್ ಕಲಿಯೋ ಮಕ್ಕಳ ಅಪ್ಪ ಅಮ್ಮಂದಿರ ಮತ ಪೂರ್ತಿ ನಿಮಗೇ" ಎಂದರು. "ಆದ್ರೆ ವೀಳ್ಯ ಕೊಟ್ಬಿಟ್ಟಿದೀರಿ. ಸುಮ್ನೆ ಬಿಟ್ರೆ ಜನ ಉಗೀತಾರೆ. ಒಂದು ಕಾರಣ ಬೇಕಲ್ಲ?"

"ಕಾರಣ ಇದೆ" ಎಂದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಬಾಯಿ ಜಾರಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಜಾರಲಿಲ್ಲ. ಕಾಫಿ ಆರುವ ತನಕ ಕೂತು, ಅಧ್ಯಾಯ, ಸೀನಿಯರ್, ಕರೆಸಿ ಕೇಳಿದ್ದು, ಎಲ್ಲವನ್ನೂ ಬಿಡಿಸಿ ಹೇಳಿದೆ. "ನಮ್ಮಿಬ್ಬರಲ್ಲೇ ಇರ್ಲಿ" ಎಂದು ಕೊನೆಗೆ ಸೇರಿಸಿದೆ. ಅವರು ಯಾರಿಗಾದರೂ ಹೇಳದೆ ಇರುವವರಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಎರಡೇ ದಿನ. ವಾಟ್ಸ್ಯಾಪ್ ಗುಂಪುಗಳಲ್ಲಿ 'ನಕಲು ಮೇಷ್ಟ್ರು' ಎಂಬ ಹೆಸರು ಓಡಾಡತೊಡಗಿತು. ಕೆಂಪು ಪೆನ್ನಿನ ಚಿತ್ರ, ಅದರ ಕೆಳಗೆ ಒಂದು ಹಾಳು ಹಾಸ್ಯ. ಎರಡು ಅಧ್ಯಾಯ ಮತ್ತೆ ಬರೆದಿದ್ದಳಲ್ಲ, ಆ ಹುಡುಗಿ ವಿದ್ಯಾರ್ಥಿಗಳ ಗುಂಪಿನಲ್ಲಿ ಹಾಕಿದ್ದು ಒಂದೇ ಸಾಲು: "ನಮಗೆ ಮೊದಲೇ ಹೇಳ್ಬೋದಿತ್ತಲ್ವಾ?" ಬೈದವರ ಮಾತಿಗಿಂತ ಅದು ಅವರಿಗೆ ಹೆಚ್ಚು ನಾಟಿತು ಎಂದು ಆಮೇಲೆ ತಿಳಿಯಿತು.

ಆ ಶನಿವಾರ ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ತೆಂಗಿನಕಾಯಿ. ವೀಳ್ಯ ವಾಪಸ್ ಕೊಡಲು ಬಂದಿದ್ದರು.

"ನೀವು ಕೊಟ್ಟಿದ್ದ ಕಾಯಿ ಅವತ್ತೇ ಒಡ್ದು ಹುಡುಗ್ರಿಗೆ ಚಟ್ನಿ ಮಾಡ್ಬಿಟ್ಟಿದ್ದೆ. ಇದು ಬೇರೆ ತಂದಿದೀನಿ" ಎಂದರು. "ನನ್ನಿಂದ ನಿಮಗೆ ಕೆಟ್ಟ ಹೆಸ್ರು ಬಂತು ಸಾರ್. ನಾನೇ ಹಿಂದೆ ಸರೀತೀನಿ. ನೀವು ಬಿಟ್ರಿ ಅಂತ ಆಗ್ಬಾರ್ದು."

ಐರ್ಲೆಂಡಿನಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಅವರ ಮುಖ ನೋಡಿ, "ಆರ್ ಯೂ ಓಕೆ, ಅಂಕಲ್?" ಎಂದಳು. "ಗ್ರ್ಯಾಂಡ್ ಪುಟ್ಟಾ" ಎಂದರು. ನಗಲು ಹೋಗಿ ಬಾಯಿಗೆ ಕೈ ಅಡ್ಡ ಹಿಡಿದರು. ನಗು ಬರಲಿಲ್ಲ, ಕೈ ಅಲ್ಲೇ ಉಳಿಯಿತು.

ಆಗ ನಾನು ಒಂದು ಪ್ರಶ್ನೆ ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಅವನಿಗಿಂತ ಜಾಣ. "ಯಾರು ಹೇಳಿರ್ಬೋದು?" ಎಂದು ನಾನೇ ಕೇಳಿದೆ.

"ಗೊತ್ತಿದ್ದಿದ್ದು ಇಬ್ರಿಗೇ. ನೀವು ಹೇಳೋಕಾಗಲ್ಲ, ಹೇಳಿದ್ರೆ ನಿಮಗೇ ಲಾಸು. ಇನ್ನೊಬ್ಬ ಅವ್ನೇ ಅಲ್ವಾ" ಎಂದರು. ಕಣ್ಣು ಬೂಟಿನ ಮೇಲಿತ್ತು. "ಯಾಕ್ ಹೇಳ್ದ ಅಂತ ಗೊತ್ತಾಗ್ತಿಲ್ಲ. ಕುಡ್ದಾಗ ಏನಾದ್ರೂ ಅಂದಿರ್ಬೇಕು."

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ತೆಂಗಿನಕಾಯಿ ತೆಗೆದುಕೊಂಡೆ. ಹೆಂಡತಿ ಅದನ್ನು ಒಡೆಯಲಿಲ್ಲ. ತಿಂಗಳುಗಟ್ಟಲೆ ಕಪಾಟಿನಲ್ಲಿದ್ದು ಒಳಗೇ ಕೆಟ್ಟಿತು.

ನೃತ್ಯದ ಶಿಕ್ಷಕಿ ಜೋಡಿಯಾದರು, ನಾನು ಗೆದ್ದೆ. ಹಾರ ಹಾಕಿದರು, ಫೋಟೋ ತೆಗೆದರು. ರಾಜ್ಯೋತ್ಸವಕ್ಕೆ ಮೇಷ್ಟ್ರು ಎಂದಿನಂತೆ ಎರಡು ಗಂಟೆ ಮೊದಲೇ ಬಂದು ಕುರ್ಚಿ ಹಾಕಿದರು. ಸಭೆ ಶುರುವಾಗುವ ಮೊದಲು ಹೊರಟುಹೋಗಿದ್ದರು. ಅವರ ಅಡುಗೆಮನೆಯ ಮೇಜಿನ ಮೇಲೆ ಮುಂದಿನ ಬೇಸಿಗೆಯಲ್ಲಿ ಒಂದೇ ಒಂದು ಪ್ರಬಂಧ ಬಂತು. ವಿಮಾನ ನಿಲ್ದಾಣಕ್ಕೆ ಹೋಗಲು ನಾವು ಸಂಘದಿಂದಲೇ ಒಂದು ತಂಡ ಮಾಡಿದೆವು. ಅದು ನನ್ನ ಅವಧಿಯ ಸಾಧನೆ ಎಂದು ವರದಿಯಲ್ಲಿ ಬಂದಿದೆ. ಲೆಟರ್‌ಕೆನ್ನಿಗೆ ಅವರು ಹೋಗುವುದನ್ನು ಬಿಟ್ಟರು. ಅಲ್ಲಿಂದ ಫೋನು ಬಂದರೆ ತೆಗೆಯುತ್ತಿರಲಿಲ್ಲ. ತಿಂಗಳ ಆ ಭಾನುವಾರ ಕೆಲಸಕ್ಕೆ ಹೆಚ್ಚುವರಿ ಪಾಳಿ ಹಾಕಿಸಿಕೊಳ್ಳುತ್ತಿದ್ದರು.

ಹೇಳಿಬಿಡಬೇಕೆಂದು ಒಮ್ಮೆ ಹೋದೆ. ನನ್ನ ಅವಧಿ ಮುಗಿದಿತ್ತು, ಕಳೆದುಕೊಳ್ಳಲು ಏನೂ ಇರಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅವರು ಕಾಫಿ ಮಾಡಿಕೊಟ್ಟು, ಎದುರಿಗೆ ಕೂತು, "ನೀವು ಬರ್ತಾ ಇರಿ ಸಾರ್. ಮನಸ್ಸು ಬಿಚ್ಚಿ ಮಾತಾಡೋಕೆ ನಂಗೆ ಈಗ ಉಳ್ದಿರೋದು ನೀವೊಬ್ರೇ" ಎಂದರು. ಜೋಡಿಸಿಕೊಂಡಿದ್ದ ಮಾತು ಬಿಟ್ಟು, ಕಾಫಿ ಚೆನ್ನಾಗಿದೆ ಎಂದೆ. ಆ ಮಾತು ಕೇಳಿದ ಮೇಲೆ ಹೇಳಿದರೆ ಅವರಿಗೆ ನೋವಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ನೋವಾಗುತ್ತಿದ್ದದ್ದು ನನಗೆ. ಅವರಿಗೆ ಲೆಟರ್‌ಕೆನ್ನಿ ವಾಪಸ್ ಸಿಗುತ್ತಿತ್ತು.

ಫೆಬ್ರವರಿಯಲ್ಲಿ ಚಿತಾಗಾರಕ್ಕೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಬಂದಿದ್ದರು. ಊರಿನಿಂದ ತಮ್ಮನಿಗೆ ವೀಸಾ ಆಗದೆ ವಿಡಿಯೋದಲ್ಲೇ ನೋಡಬೇಕಾಯಿತು. ಮನೆಯವರು ನಿಲ್ಲುವ ಜಾಗದಲ್ಲಿ ಯಾರಾದರೂ ಒಬ್ಬರು ನಿಲ್ಲಬೇಕಲ್ಲ ಎಂದು ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು. ಇಲ್ಲಿಯ ಸಂತಾಪದ ಪದ್ಧತಿಯಂತೆ ಪಕ್ಕದ ಮನೆಯ ಮುದುಕ, ಕಾರ್ಖಾನೆಯವರು, ಅಂಗಡಿಯವರು ಸಾಲಾಗಿ ಬಂದು ನನ್ನ ಕೈ ಹಿಡಿದು "ಸಾರಿ ಫಾರ್ ಯುವರ್ ಟ್ರಬಲ್" ಎಂದರು. ಒಬ್ಬೊಬ್ಬರಿಗೂ ಥ್ಯಾಂಕ್ಯೂ ಎಂದೆ. ಎರಡು ಅಧ್ಯಾಯ ಮತ್ತೆ ಬರೆದಿದ್ದ ಹುಡುಗಿಯೂ ಬಂದಿದ್ದಳು, ಈಗ ದೊಡ್ಡ ಕೆಲಸದಲ್ಲಿದ್ದಾಳೆ. ಮಾತಾಡಲಾಗದೆ ಅಳುತ್ತಿದ್ದಳು.

ಎಲ್ಲರೂ ಚದುರಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಫೋಟೋದಲ್ಲಿ ನೋಡಿದ್ದರಿಂದ ಗುರುತು ಸಿಕ್ಕಿತು. ಲೆಟರ್‌ಕೆನ್ನಿಯವರು.

"ಕೊನೇವರೆಗೂ ಅವನ ಜೊತೆ ಇದ್ದೋರು ನೀವೇ ಅಂತ ಕೇಳ್ದೆ ಸಾರ್" ಎಂದರು. "ಆ ಕಾಪಿ ವಿಷಯ ನಾನೇ ಹೊರಗೆ ಹಾಕ್ದೆ ಅಂತ ಅವ್ನು ಮಾತು ಬಿಟ್ಟ. ಮಕ್ಕಳ ಮೇಲೆ ಆಣೆ ಮಾಡಿ ಹೇಳಿದೆ, ನಾನಲ್ಲ ಅಂತ. ಗೊತ್ತಿದ್ದೋನು ನೀನೊಬ್ನೇ ಅಂದ, ಆಮೇಲೆ ಫೋನೇ ತೆಗೀಲಿಲ್ಲ. ಇನ್ಯಾರಿಗಾದ್ರೂ ಹೇಳಿದ್ನಾ ಸಾರ್? ನಿಮಗೆ?"

ನನಗೆ ಕೊಟ್ಟ ಮಾತನ್ನು ಅವರು ಈ ಸ್ನೇಹಿತನ ಹತ್ತಿರವೂ ಮುರಿದಿರಲಿಲ್ಲ.

"ಇಲ್ಲ" ಎಂದೆ. "ವಾಟ್ಸ್ಯಾಪಲ್ಲಿ ಬಂದಾಗಲೇ ನಂಗೂ ಗೊತ್ತಾಗಿದ್ದು."

ಅವರು ಕೋಟಿನ ಗುಂಡಿ ಹಾಕಿಕೊಂಡರು, ಬಿಚ್ಚಿದರು, ಮತ್ತೆ ಹಾಕಿಕೊಂಡರು.

"ಹಂಗಾದ್ರೆ ನಾನೇ ಯಾವತ್ತೋ ಯಾರ ಹತ್ರನೋ ಬಾಯಿ ಬಿಟ್ಟಿರ್ಬೇಕು ಸಾರ್. ನೆನಪಿಲ್ಲ. ಅವ್ನು ಸುಮ್ ಸುಮ್ನೆ ಹಂಗೆ ಅನ್ನೋನಲ್ಲ" ಎಂದರು.

"ಇರಬಹುದು" ಎಂದೆ.